ಸೆರಗಿನ ಗಂಟಿನಲ್ಲಿದ್ದ ಅರ್ಧ ಗುಳಿಗೆ

ನನ್ನ ಗಂಡನಿಗೆ ಕೈ ನಡುಗುವ ಕಾಯಿಲೆ ಬಂದು ಒಂಬತ್ತು ವರ್ಷವಾಯಿತು. ಕೈ ನಡುಗುವುದು ಅದರಲ್ಲಿ ಸಣ್ಣ ಸಂಗತಿ. ಗುಳಿಗೆಯ ಶಕ್ತಿ ಇಳಿದುಹೋದರೆ ಮನುಷ್ಯ ಕೊರಡಾಗುತ್ತಾನೆ. ಕಾಲು ಏಳುವುದಿಲ್ಲ, ಬಾಯಿ ತೆರೆಯುವುದಿಲ್ಲ, ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಕಣ್ಣು ಮಾತ್ರ ಅತ್ತಿತ್ತ ಹರಿದಾಡುತ್ತದೆ. ಬೆಳಿಗ್ಗೆ ಆರಕ್ಕೆ ಅರ್ಧ, ಹನ್ನೊಂದಕ್ಕೆ ಅರ್ಧ, ನಾಲ್ಕಕ್ಕೆ ಅರ್ಧ, ರಾತ್ರಿ ಒಂಬತ್ತಕ್ಕೆ ಅರ್ಧ. ಹನ್ನೊಂದರದು ತಡವಾದರೆ ಆ ದಿನವೇ ಕೆಟ್ಟಿತು.

ಮುಂಬೈಯಲ್ಲಿ ವಿಕ್ರೋಳಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ಮನುಷ್ಯ. ಅಲ್ಲಿ ನೂರು ಜನರನ್ನು ಗದರಿಸಿ, ಉಳಿದದ್ದನ್ನು ಮನೆಗೆ ತಂದು ನನ್ನ ಮೇಲೆ ಸುರಿಯುತ್ತಿದ್ದರು. ಈಗ ಆ ಬಾಯಿ ತೆರೆಯಬೇಕಾದರೆ ನಾನು ಅರ್ಧ ಗುಳಿಗೆ ಕೊಡಬೇಕು. ಇದರಲ್ಲಿ ನನಗೇನೂ ಸಂತೋಷವಿಲ್ಲ ಎಂದರೆ ಸುಳ್ಳಾಗುತ್ತದೆ.

ಗುಳಿಗೆಯ ಮಧ್ಯೆ ಗೀಟು ಹಾಕಿರುತ್ತಾರೆ, ಆದರೆ ಕೈಯಲ್ಲಿ ಮುರಿದರೆ ಮೂರು ಚೂರಾಗುತ್ತದೆ. ನಾನು ಕತ್ತರಿಸುತ್ತಿದ್ದದ್ದು ನಮ್ಮಮ್ಮನ ಅಡಕತ್ತರಿಯಲ್ಲಿ. ಹಿತ್ತಾಳೆಯದು, ಹಿಡಿ ಸವೆದು ನುಣ್ಣಗಾಗಿತ್ತು. ಭಾನುವಾರ ಪೇಪರ್ ಹಾಸಿಕೊಂಡು ಕೂತು, ಇಲ್ಲಿನವರು ಪತ್ತಾ ಎನ್ನುವ ಬೇಗಡೆ ಹಾಳೆಗಳಿಂದ ಗುಳಿಗೆ ಬಿಡಿಸಿ, ವಾರದ್ದನ್ನೆಲ್ಲ ಕಚಕ್ ಕಚಕ್ ಎಂದು ಕತ್ತರಿಸಿ ನನ್ನ ಎಲೆಅಡಿಕೆ ಸಂಚಿಗೆ ಹಾಕುತ್ತಿದ್ದೆ. ಸಂಚಿಯ ಒಂದು ಜೇಬಿನಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಒಂದರಲ್ಲಿ ಹೊಗೆಸೊಪ್ಪು, ಇನ್ನೊಂದರಲ್ಲಿ ಗಂಡ. ಪತ್ತಾದ ಮೇಲಿನ ಇಂಗ್ಲಿಷ್ ನನಗೆ ಓದಲು ಬರುವುದಿಲ್ಲ. ಖಾಲಿ ಪತ್ತಾ ಕಸಕ್ಕೆ ಹೋಗುತ್ತಿತ್ತು.

ಇದಲ್ಲದೆ ಇನ್ನೊಂದು ಅಭ್ಯಾಸವಿತ್ತು. ಒಂದು ಮಳೆಗಾಲದಲ್ಲಿ ಸಾಯನ್‌ಗೂ ಕುರ್ಲಾಕ್ಕೂ ಮಧ್ಯೆ ಹಳಿಯ ಮೇಲೆ ನೀರು ತುಂಬಿ ಲೋಕಲ್ ರೈಲು ನಿಂತುಬಿಟ್ಟಿತ್ತು. ಸಂಚಿ ಮನೆಯಲ್ಲಿತ್ತು. ಇವರು ಸೀಟಿನಲ್ಲಿ ಕೊರಡಾಗಿ, ಜನ ಹೆಣ ಎಂದುಕೊಂಡು ಪಕ್ಕದಿಂದ ಎದ್ದುಹೋದರು. ಅಂದಿನಿಂದ ಹೊರಗೆ ಹೊರಟರೆ ಅರ್ಧ ಗುಳಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತೇನೆ.

ಕಳೆದ ವರ್ಷ ಇವರ ಅಕ್ಕ ಬೆಂಗಳೂರಿನಲ್ಲಿ ಆಸ್ಪತ್ರೆ ಸೇರಿದಳು. ಎದೆಯಲ್ಲಿ ನೀರು ತುಂಬಿತ್ತು. ಅವಳ ಮಗ ಫೋನ್ ಮಾಡಿ, "ಅತ್ತೆ, ಮಾವನ್ನ ಕರ್ಕೊಂಡು ಬಂದ್ಬಿಡಿ. ಅಮ್ಮ ಮಾತು ಮಾತಿಗೂ ತಮ್ಮ ಬಂದ್ನಾ ಅಂತಾಳೆ. ಇವತ್ತೋ ನಾಳೆಯೋ," ಎಂದ. ಇವರನ್ನು ಎತ್ತಿ ಬೆಳೆಸಿದ ಅಕ್ಕ. ಫೋನ್ ಇಟ್ಟ ಮೇಲೆ ಇವರು ಅತ್ತರು. ಅಳಲೂ ಗುಳಿಗೆಯ ಹೊತ್ತು ನೋಡಬೇಕಾದ ಮನುಷ್ಯ, ಸರಿಯಾದ ಹೊತ್ತಿನಲ್ಲೇ ಅತ್ತರು.

ನಮ್ಮ ಜೊತೆಗಿರುವ ಮೊಮ್ಮಗಳು ಮರುದಿನ ಮಧ್ಯಾಹ್ನದ ವಿಮಾನಕ್ಕೆ ಟಿಕೆಟ್ ಮಾಡಿದಳು. ಅವಳ ಕನ್ನಡ ಕುಂಟುತ್ತದೆ, ಆದರೆ ಉಪದೇಶ ಓಡುತ್ತದೆ.

"ಅಜ್ಜಿ, ಸುನೋ ನಾ. ಗೋಲಿ ಪತ್ತಾ ಜೊತೆಗೇ ಇಡು. ಐಸೆ ಖುಲ್ಲಾ ಇಟ್ರೆ ಏರ್‌ಪೋರ್ಟಲ್ಲಿ ಕೇಳ್ತಾರೆ. ಡಾಕ್ಟರ್ ಪರ್ಚೀನೂ ಕೈ ಬ್ಯಾಗಲ್ಲೇ ಇಡು."

"ಎಂಟು ವರ್ಷದಿಂದ ಗುಳಿಗೆ ಕೊಡ್ತಿರೋಳು ನಾನು. ನೀನು ಮೊದ್ಲು ನಿನ್ನ ತಲೆಗೆ ಎಣ್ಣೆ ಹಾಕ್ಕೊ, ಹೋಗು."

"ಅರೆ, ಫಿರ್ ಮತ್ ಬೋಲ್‌ನಾ ನಾನು ಹೇಳ್ಲಿಲ್ಲ ಅಂತ."

ನಮ್ಮ ಮನೆಯಲ್ಲಿ ಕಾಗದ ಎಂದರೆ ಸೀರೆಯ ಕೆಳಗೆ. ರೇಷನ್ ಕಾರ್ಡು, ರೂಮಿನ ಪತ್ರ, ಎಲ್ಲಕ್ಕೂ ಅದೇ ಜಾಗ. ಡಾಕ್ಟರ ಚೀಟಿಯನ್ನೂ ಸೂಟ್‌ಕೇಸಿನಲ್ಲಿ ಮೂರು ಸೀರೆಯ ಕೆಳಗೆ ಇಟ್ಟೆ. ಆ ಸೂಟ್‌ಕೇಸು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪಟ್ಟಿಯ ಮೇಲೆ ಕೂತು ನನ್ನ ಕಣ್ಣೆದುರೇ ಒಳಗೆ ಹೋಯಿತು. ಮೊಮ್ಮಗಳು ಬಾಗಿಲ ಹೊರಗೇ ಉಳಿದಿದ್ದಳು. ಗಾಲಿಕುರ್ಚಿ ತಳ್ಳಲು ಐವತ್ತು ದಾಟಿದ ಮರಾಠಿ ಗಂಡಸೊಬ್ಬ ಸಿಕ್ಕಿದ್ದ. "ಚಲಾ ಆಜಿ, ಲವ್ಕರ್," ಎಂದು ಅವಸರ ಮಾಡುತ್ತ ನಮ್ಮನ್ನು ತಪಾಸಣೆಯ ಸಾಲಿಗೆ ತಂದು ನಿಲ್ಲಿಸಿದ. ಆಗ ಹತ್ತೂವರೆ.

ಪರದೆಯ ಹಿಂದೆ ನನ್ನ ಮೈಮೇಲೆ ಲೋಹ ಹುಡುಕುವ ಕೋಲಾಡಿಸಿ ಬಿಟ್ಟರು. ಸೆರಗಿನ ಗಂಟಿಗೆ ಅದು ಕೂಗಲಿಲ್ಲ. ಸಂಚಿ ಮೆಷಿನ್ನಿನಲ್ಲಿ ಸಿಕ್ಕಿಬಿತ್ತು. ಖಾಕಿ ಹಾಕಿದ್ದ ಹೆಂಗಸು ಅದನ್ನು ಬಿಚ್ಚಿ ಅಡಕತ್ತರಿ ಎತ್ತಿ ಹಿಡಿದಳು. ನಾನು ಗಂಡನಿಗೆ ಏನೋ ಹೇಳಿದ್ದನ್ನು ಕೇಳಿ ಕನ್ನಡಕ್ಕೆ ತಿರುಗಿದಳು. ಉತ್ತರ ಕರ್ನಾಟಕದವಳು.

"ಯವ್ವಾ, ಇದೇನ್ರೀ ಇದು? ಇದನ್ನ ತಗೊಂಡು ಇಮಾನ ಹತ್ತಾಕ ಹೊಂಟೀರಿ?"

"ಅಡಕತ್ರಿ ಕಣಮ್ಮ. ಅಡಿಕೆ ಕತ್ತರಿಸುತ್ತೆ, ಗುಳಿಗೆ ಕತ್ತರಿಸುತ್ತೆ. ನಿಮ್ಮ ಪೈಲಟ್‌ನ ಕತ್ತರಿಸೋ ಶಕ್ತಿ ನಂಗಿಲ್ಲ."

ಅವಳು ನಕ್ಕಳು. "ನಮ್ಮವ್ವನ ಹಂತ್ಯಾಕೂ ಇಂಥದ್ದ ಐತ್ರಿ. ಆದ್ರ ಬಿಡಾಕ ಬರೂದಿಲ್ಲ."

"ನಮ್ಮಮ್ಮಂದು ಅದು."

"ಮನೀಯವ್ರು ಹೊರಗ ಇದ್ರ ಅವ್ರ ಕೈಯಾಗ ಕೊಟ್ ಬರ್ರಿ."

ಹೊರಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ, ಮೊಮ್ಮಗಳು ಆಗಲೇ ಮೆಟ್ರೊ ಹತ್ತಿರುತ್ತಾಳೆ. ಬೇಡ ಎಂದೆ. ಅವಳು ಅದನ್ನು ಪಕ್ಕದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿದಳು. ಲೈಟರು, ಕತ್ತರಿ, ಉಗುರು ಕತ್ತರಿಸುವುದರ ಮಧ್ಯೆ ಠಣ್ ಎಂದು ಬಿತ್ತು.

ಅಷ್ಟಕ್ಕೇ ಬಿಡಲಿಲ್ಲ. ಗುಳಿಗೆಯ ಜೇಬನ್ನು ತಟ್ಟೆಗೆ ಸುರಿದಳು. ಚೂರುಗಳ ಜೊತೆಗೆ ಒಂದು ಚಿಟಿಕೆ ಪುಡಿಯೂ ಉದುರಿತು.

"ಈ ಬಿಳೀ ಪುಡಿ ಏನ್ರಿ?"

"ಕತ್ತರಿಸಿದಾಗ ಉದುರಿದ್ದು."

"ಈ ಡಬ್ಬ್ಯಾಗ?"

"ಸುಣ್ಣ."

"ಗುಳಿಗಿ ಹೆಸರೇನು?"

"ಬಿಳಿ ಗುಳಿಗೆ. ಮಧ್ಯೆ ಗೀಟಿರುತ್ತೆ."

"ಡಾಕ್ಟರ್ ಚೀಟಿ?"

"ಸೂಟ್‌ಕೇಸಲ್ಲಿದೆ. ಸೀರೆ ಕೆಳಗೆ."

"ಮೊಬೈಲ್‌ನಾಗ ಫೋಟೋನರ ಐತೇನ್ರಿ?"

ನಾನು ಗುಂಡಿ ಒತ್ತುವ ಫೋನು ತೆಗೆದು ತೋರಿಸಿದೆ. ಅವಳು ಹಣೆ ಚಚ್ಚಿಕೊಂಡು ತನ್ನ ಸಾಹೇಬನನ್ನು ಕರೆದಳು. ಅವನು ಹೊಗೆಸೊಪ್ಪು ಮೂಸಿ, ಪುಡಿ ನೋಡಿ, "ನ ಪರ್ಚೀ, ನ ಪತ್ತಾ. ಡಾಕ್ಟರ್ ಕೋ ಬುಲಾವೋ, ವೋ ದೇಖೇಗಾ," ಎಂದು ಹೋದ. ನಿಲ್ದಾಣದ ಡಾಕ್ಟರು ಬಂದು ನೋಡುವ ತನಕ ಸಂಚಿ ಮೇಜಿನ ಆಚೆ, ನಾವು ಈಚೆ. ಅವರದ್ದೇನೂ ತಪ್ಪಿಲ್ಲ. ಆ ಸಂಚಿಯನ್ನು ನೋಡಿದರೆ ನಾನೂ ನನ್ನನ್ನು ಬಿಡುತ್ತಿರಲಿಲ್ಲ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಇವರ ಎಡಗಾಲು ಮೊದಲು ಗಟ್ಟಿಯಾಯಿತು. ಆಮೇಲೆ ಗದ್ದ. "ಗುಳಿಗೆ," ಎಂದು ಹೇಳಲು ಹೋಗಿ ಗು ಎಂಬಲ್ಲೇ ನಿಂತರು. ಬಾಯಿಂದ ಜೊಲ್ಲು ಇಳಿಯಿತು. ಒರೆಸಿದೆ. ವಿಮಾನದ ಕಂಪನಿಯ ಹುಡುಗಿ ಹುಡುಕಿಕೊಂಡು ಬಂದು ಇವರ ಮುಖದ ಮುಂದೆ ಬಗ್ಗಿದಳು.

"ಅಂಕಲ್, ಆಪ್‌ಕಾ ನಾಮ್ ಕ್ಯಾ ಹೈ? ಅಂಕಲ್?"

ಅಂಕಲ್ ಕಣ್ಣು ಮಾತ್ರ ತಿರುಗಿಸಿದರು. ಅವಳು ನನಗೆ ಹಿಂದಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದಳು: ಹನ್ನೊಂದೂ ನಲವತ್ತಕ್ಕೆ ಗೇಟು ಮುಚ್ಚುತ್ತದೆ. ಅಷ್ಟರೊಳಗೆ ನೆಟ್ಟಗೆ ಕೂತು ತಮ್ಮ ಹೆಸರು ಹೇಳಿದರೆ ಹತ್ತಿಸುತ್ತೇವೆ. ಇದೇ ಸ್ಥಿತಿಯಲ್ಲಿದ್ದರೆ ಹತ್ತಿಸುವುದಿಲ್ಲ.

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಐದು. ಗುಳಿಗೆ ನುಂಗಿದ ಅರ್ಧ ಗಂಟೆಯೊಳಗೆ ಇವರ ಬಾಯಿ ಬಿಡುತ್ತದೆ. ಸರಿಯಾಗಿ ಸಾಕಾಗುತ್ತಿತ್ತು. ನನ್ನ ಕೈ ತಾನಾಗಿಯೇ ಸೆರಗಿನ ಗಂಟಿಗೆ ಹೋಯಿತು. ಪ್ಲಾಸ್ಟಿಕ್ಕಿನೊಳಗೆ ಅದು ಬೆರಳಿಗೆ ಸಿಕ್ಕಿತು. ಇವರ ಕಣ್ಣು ನನ್ನ ಬೆರಳಿನ ಮೇಲಿತ್ತು.

ಆಗ ಆ ಡಬ್ಬಕ್ಕೆ ಇನ್ಯಾರದೋ ಕತ್ತರಿ ಬಿತ್ತು. ಮತ್ತೆ ಠಣ್.

ಎಷ್ಟೋ ವರ್ಷದ ಹಿಂದೆ ನಮ್ಮಮ್ಮನಿಗೆ ಜ್ವರ ತಲೆಗೇರಿದಾಗ ನಮ್ಮಣ್ಣ ಇವರ ಕಾರ್ಖಾನೆಗೆ ಟ್ರಂಕ್ ಕಾಲ್ ಮಾಡಿದ್ದ. ತಂಗಿಯನ್ನು ತಕ್ಷಣ ಕಳಿಸಿ, ಅಮ್ಮ ಕೇಳುತ್ತಿದ್ದಾಳೆ ಎಂದು. ಇದೇ ಅಕ್ಕ ಆಗ ಎರಡು ಮಕ್ಕಳನ್ನು ಕಟ್ಟಿಕೊಂಡು ಮುಂಬೈ ನೋಡಲು ನಮ್ಮ ಮನೆಗೆ ಬಂದಿದ್ದಳು. ಇವರು ಸುದ್ದಿಯನ್ನು ಅಕ್ಕನಿಗೆ ಹೇಳಿದರು, ನನಗೆ ಹೇಳಲಿಲ್ಲ. ನಾನು ಹೊರಟುಬಿಟ್ಟರೆ ಅಡಿಗೆ ಯಾರು ಮಾಡಬೇಕು? ಮೂರು ದಿನ ಅವಳಿಗೆ ಬೇಯಿಸಿ ಹಾಕಿದೆ. ಎರಡನೇ ದಿನ ಒಬ್ಬಟ್ಟು ಮಾಡು ಎಂದಳು, ಮಾಡಿದೆ. ತುಪ್ಪ ಕಡಿಮೆಯಾಯಿತು ಎಂದಳು, ಹಾಕಿದೆ. ನನ್ನ ತಾಯಿ ಸಾಯುತ್ತಿದ್ದಾಳೆಂದು ಗೊತ್ತಿದ್ದೇ ತಿಂದಳು. ಅವಳನ್ನು ಗಾಡಿ ಹತ್ತಿಸಿ ಬಂದ ಮೇಲೆ ಇವರು ಚಪ್ಪಲಿ ಬಿಡುತ್ತಾ, "ನಿಮ್ಮಮ್ಮನಿಗೆ ಹುಷಾರಿಲ್ವಂತೆ," ಎಂದರು. ನಾನು ಊರು ತಲುಪಿದಾಗ ಬೂದಿಯನ್ನೂ ನೀರಿಗೆ ಬಿಟ್ಟಾಗಿತ್ತು. ಅಣ್ಣ ಆ ಅಡಕತ್ತರಿ ನನ್ನ ಕೈಗಿಟ್ಟ.

ಸೆರಗಿನ ಗಂಟನ್ನು ಬಿಚ್ಚಲಿಲ್ಲ. ಬಿಗಿ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮನೆಯಿಂದ ಯೋಚನೆ ಮಾಡಿಕೊಂಡು ಹೊರಟದ್ದಲ್ಲ. ಆದರೆ ಹನ್ನೊಂದೂ ಐದರಿಂದ ನಲವತ್ತರವರೆಗೆ ಯೋಚಿಸಲು ಬೇಕಾದಷ್ಟು ಹೊತ್ತಿತ್ತು, ಯೋಚಿಸಿಯೇ ಸುಮ್ಮನೆ ಕೂತೆ. ಖಾಕಿಯ ಹೆಂಗಸು ಎರಡು ಸಲ ಬಂದು, "ಡಾಕ್ಟರ್ ಬರಾಕತ್ತಾರ್ರೀ ಯವ್ವಾ, ಹೆದರಬ್ಯಾಡ್ರಿ," ಎಂದಳು. ಗಾಲಿಕುರ್ಚಿಯವನು ಅಯ್ಯೋ ಪಾಪ ಎಂಬಂತೆ ನನಗೆ ನೀರು ತಂದುಕೊಟ್ಟ. ಕುಡಿದೆ. ಇವರ ಕಣ್ಣು ಗಡಿಯಾರಕ್ಕೆ ಹೋಗಿ ನನ್ನ ಸೊಂಟಕ್ಕೆ ಬರುತ್ತಿತ್ತು, ಮತ್ತೆ ಗಡಿಯಾರಕ್ಕೆ. ಒಂದು ಹೊತ್ತಿನಲ್ಲಿ ಆ ಕಣ್ಣಿನಿಂದ ನೀರಿಳಿಯಿತು. ಅದನ್ನೂ ಒರೆಸಿದೆ.

ಗೇಟು ಮುಚ್ಚಿದ ಐದು ನಿಮಿಷಕ್ಕೆ ಡಾಕ್ಟರು ಬಂದ. ಒಂದು ಚೂರು ಎತ್ತಿ ನೋಡಿ, ಇವರ ಮೊಣಕೈ ಮಡಿಸಿ ಬಿಡಿಸಿ, "ಯೇ ಕಂಪನ್ ಕೀ ಗೋಲಿ ಹೈ, ದೇ ದೋ," ಎಂದು ಹೋದ. ಒಂದು ನಿಮಿಷದ ಕೆಲಸ. ಸಂಚಿ ಕೊಟ್ಟರು. ಅದರಿಂದಲೇ ಅರ್ಧ ತೆಗೆದು ಇವರ ನಾಲಿಗೆಯ ಮೇಲೆ ತುರುಕಿ ನೀರು ಹನಿಸಿದೆ.

ಸೂಟ್‌ಕೇಸು ಇಳಿಸಿ ಕೊಡಲು ಎರಡೂವರೆ ಗಂಟೆ ತೆಗೆದುಕೊಂಡರು. ಟ್ಯಾಕ್ಸಿ ನಮ್ಮ ಮನೆಯಿರುವ ಆಂಟಾಪ್ ಹಿಲ್‌ಗೆ ತಿರುಗುವಾಗ ಸೋದರಳಿಯನ ಫೋನು ಬಂತು. ಅಕ್ಕ ಹೋಗಿದ್ದಳು, ಎರಡೂಮುಕ್ಕಾಲಿಗೆ. ಎಚ್ಚರವಿತ್ತಂತೆ. ಬಾಗಿಲ ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದಳಂತೆ.

ಇವರು ಟ್ಯಾಕ್ಸಿಯ ಮುಂದಿನ ಸೀಟನ್ನು ಹಿಡಿದುಕೊಂಡು ಕೇಳಿದರು. "ಸೆರಗಲ್ಲಿತ್ತು, ಅಲ್ವಾ?"

"ಇತ್ತು."

"ಯಾಕೆ ಕೊಡ್ಲಿಲ್ಲ?"

"ನಮ್ಮಮ್ಮಂಗೆ ಹುಷಾರಿಲ್ದಾಗ ಫೋನ್ ಬಂದಿತ್ತಲ್ಲ. ಆ ಸುದ್ದೀನ ಮೂರು ದಿನ ಜೇಬಲ್ಲಿ ಇಟ್ಕೊಂಡಿದ್ರಿ. ನಿಮ್ಮಕ್ಕ ಒಬ್ಬಟ್ಟು ತಿಂತಿದ್ಲು."

ಮರೆತೇ ಹೋಗಿದೆ ಎನ್ನುತ್ತಾರೆಂದು ನಾನು ಕಾದಿದ್ದೆ.

"ಮೂರು ದಿನ ಅಲ್ಲ," ಎಂದರು. "ಎರಡೇ ದಿನ."

ಮೊಮ್ಮಗಳಿಗೆ ಯಾರೂ ಏನೂ ಹೇಳಲಿಲ್ಲ. ಡಾಕ್ಟರು ತಡವಾಗಿ ಬಂದ ಎಂದಷ್ಟೇ ಅವಳಿಗೆ ಗೊತ್ತು. ಮರುದಿನದಿಂದ ಇವರು ಅವಳ ಕೈಯಿಂದಲೇ ಗುಳಿಗೆ ಎಂದು ಹಟ ಹಿಡಿದರು. ಅವಳು ಆಫೀಸಿನಿಂದ ಫೋನ್ ಮಾಡಿ, "ತಾತಾ, ಗೋಲಿ ಲೇ ಲಿಯಾ ನಾ?" ಎನ್ನುವಳು. ಅಷ್ಟರಲ್ಲಿ ತಾತನ ಬಾಯಿ ಮುಚ್ಚಿರುತ್ತಿತ್ತು. ತಾವೇ ತೆಗೆದುಕೊಳ್ಳಲು ಹೋಗಿ ನೆಲಕ್ಕೆ ಚೆಲ್ಲಿದರು. ಮಂಚದ ಕೆಳಗಿನಿಂದ ಒಂದೊಂದಾಗಿ ಹೆಕ್ಕಿದವಳು ನಾನು. ಹತ್ತು ದಿನ ನಡೆಯಿತು ಆ ಆಟ.

ಈಗ ಮತ್ತೆ ನಾನೇ ಕೊಡುತ್ತೇನೆ. ಅಡಕತ್ತರಿ ಇಲ್ಲ, ತರಕಾರಿ ಚಾಕುವಿನಲ್ಲಿ ಕತ್ತರಿಸಿದರೆ ಗೀಟಿನ ಮೇಲೆ ಸರಿಯಾಗಿ ಬೀಳುವುದಿಲ್ಲ. ಒಂದು ಚೂರು ದೊಡ್ಡದಾಗುತ್ತದೆ, ಒಂದು ಸಣ್ಣದು. ದೊಡ್ಡ ಚೂರು ಕೊಟ್ಟ ದಿನ ಅವರು ಸ್ಟೇಷನ್ ರಸ್ತೆಯವರೆಗೂ ನಡೆಯುತ್ತಾರೆ. ಸಣ್ಣದಾದರೆ ಬಚ್ಚಲಿನವರೆಗೆ. ಹನ್ನೊಂದಕ್ಕೆ ಐದು ನಿಮಿಷವಿರುವಾಗಲೇ ಬಂದು ನನ್ನೆದುರು ಕುರ್ಚಿಯಲ್ಲಿ ಕೂರುತ್ತಾರೆ. ಬಾಯಿ ತೆರೆಯುವ ಮೊದಲು ನನ್ನ ಅಂಗೈ ನೋಡುತ್ತಾರೆ, ಇವತ್ತು ಯಾವುದು ಎಂದು.