ತುಹಾಮಿಯ ಗಾಡಿಯನ್ನು ಎಬ್ಬಿಸಿದ ಶಾದ್ಲಿ ಕಾಕಾ

ಬೆಳಗಿನ ಬಾಂಗ್ ಮುಗಿದಿದೆ. ಸಮುದ್ರದ ಕಡೆಯಿಂದ ಬೀಸುವ ಗಾಳಿಯಲ್ಲಿ ಇನ್ನೂ ತೇವವಿದೆ. ಮಹ್ದಿಯಾ ಊರಿನ ಝ್ವೀಲಾ ಕೇರಿಯ ಹಿಂಬದಿಯ ಓಣಿಯ ಒಂದು ಕೊಟ್ಟಿಗೆಯಲ್ಲಿ, ಹಳೆಯ ಪೆಜೋ ಪಿಕಪ್ಪಿನ ಮುಂದೆ ಶಾದ್ಲಿ ಕಾಕಾ ಬಾಗಿ ನಿಂತಿದ್ದಾರೆ. ಸಾಮಾನಿನ ಚೀಲ ಇನ್ನೂ ಬಿಚ್ಚಿಲ್ಲ. ಬಾನೆಟ್ಟಿಗೆ ಕಿವಿ ಹಚ್ಚಿ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟನ ಹಾಗೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾರೆ. ಒಳಗಿನಿಂದ ಸಣ್ಣದೊಂದು "ಮಿಯಾಂವ್" ಬರುತ್ತದೆ.

"ನೋಡಿದ್ರಾ? ಬಾಡಿಗೆಯವರಿದ್ದಾರೆ," ಎನ್ನುತ್ತಾರೆ ಕಾಕಾ. "ಬಾಣಂತಿ ಬೇರೆ. ಹೇಳ್ದೆ ಕೇಳ್ದೆ ಎಬ್ಬಿಸೋಕಾಗತ್ತಾ?"

ತಾಯಿ ಬೆಕ್ಕನ್ನೂ ಮರಿಗಳನ್ನೂ ಹುಲ್ಲಿನ ಬುಟ್ಟಿಗೆ ಸಾಗಿಸುವುದರಲ್ಲೇ ಬಿಸಿಲು ಅಂಗಳಕ್ಕೆ ಇಳಿಯುತ್ತದೆ. ಕಾಕಾನ ಮುಂಗೈ ಮೇಲೆ ಎರಡು ಗೀರು. ಅದಕ್ಕೆ ಅವರ ತಕರಾರಿಲ್ಲ. ಎಷ್ಟೋ ವರ್ಷ ನಿಂತ ಗಾಡಿಯ ಬೀಗದ ಕೈ ತಿರುಗಿಸಿ ಬೆಕ್ಕು, ಇಲಿ, ವೈರು ಎಲ್ಲವನ್ನೂ ಒಟ್ಟಿಗೇ ಸುಟ್ಟುಕೊಂಡ ಮಹಾಶಯರನ್ನು ಅವರು ಬೇಕಾದಷ್ಟು ಕಂಡಿದ್ದಾರೆ.

ಗಾಡಿ ದಿವಂಗತ ತುಹಾಮಿಯದು. ಆಲಿವ್ ಮೂಟೆ, ಕುರಿ, ನೆರೆಹೊರೆಯವರ ಹಾಸಿಗೆ ಮಂಚ, ಒಂದು ಸಲ ಇಡೀ ಡೋಲಿನ ಮೇಳವನ್ನೇ ಹೊತ್ತು ತಿರುಗಿದ ಗಾಡಿ. ಅವನು ತೀರಿಕೊಂಡ ವಾರವೇ ಹೆಂಡತಿ ಲೆಲ್ಲಾ ಸಾಲ್ಹಾ, ಅಂದರೆ ಸಾಲ್ಹಮ್ಮ, ಅದಕ್ಕೊಂದು ಹೊದಿಕೆ ಹೊದಿಸಿ ಕೊಟ್ಟಿಗೆಯ ಬಾಗಿಲು ಹಾಕಿದಳು. ಆಗ ಶಾಲೆಗೆ ಹೋಗುತ್ತಿದ್ದ ಮಗಳು ಯುಸ್ರಾಗೆ ಈಗ ಮದುವೆ. ಬರುವ ಗುರುವಾರ ಹುಡುಗಿಯ ಬಳುವಳಿ ಡೋಲು ಬಡಿಸಿಕೊಂಡು ಗಂಡಿನ ಮನೆಗೆ ಹೋಗಬೇಕು. ತೊಟ್ಟಿಲಲ್ಲಿದ್ದ ಮಗಳಿಗೆ ತುಹಾಮಿ ಊರ ಮುಂದೆ ಕೊಟ್ಟ ಮಾತೊಂದಿದೆ: ಅವಳ ಬಳುವಳಿ ಬೇರೆಯವರ ಗಾಡಿ ಹತ್ತುವುದಿಲ್ಲ, ತನ್ನದರಲ್ಲೇ ಹೋಗುತ್ತದೆ. ಮಾತು ಕೊಟ್ಟವನು ಹೋದ. ಮಾತು ಮಾತ್ರ ಕೊಟ್ಟಿಗೆಯಲ್ಲಿ ಉಳಿದಿದೆ.

"ಬೀಗದ ಕೈ ಕೊಡಮ್ಮ," ಎಂಬುದು ಈ ಮನೆಗೆ ಬಂದಾಗ ಶಾದ್ಲಿ ಕಾಕಾ ಆಡಿದ ಮೊದಲ ಮಾತು. ಕೊಟ್ಟ ಕೂಡಲೇ ಅದನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ತಿರುಗಿಸಲಿಕ್ಕಲ್ಲ, ಬೇರೆ ಯಾರೂ ತಿರುಗಿಸದಿರಲಿ ಎಂದು. "ಗಾಡಿ ಕೆಟ್ಟಿರಲ್ಲ, ಒಣಗಿರತ್ತೆ. ಕೆಡಿಸೋದು ನಮ್ಮ ಆತುರ. 'ಒಂದೇ ಒಂದ್ಸಲ ನೋಡ್ತೀನಿ' ಅಂತಾರಲ್ಲ, ಆ ಒಂದ್ಸಲವೇ ಮಾರಿ."

ಬಂದರಿನ ಹತ್ತಿರದ ಗ್ಯಾರೇಜಿನಲ್ಲಿ ದುಡಿದೇ ಕಾಕಾನ ತಲೆ ನೆರೆತದ್ದು. ಕಂಪ್ಯೂಟರ್ ಚುಚ್ಚಿ ರೋಗ ಹೇಳುವ ಕಾರುಗಳು ಬಂದ ಮೇಲೆ ಗ್ಯಾರೇಜಿಗೆ ಹೊಸ ಹುಡುಗರು ಬಂದರು, ಕಾಕಾ ಮನೆಗೆ ಬಂದರು. ಮೊಣಕಾಲು ನೋವು, ಸಾಲದ್ದಕ್ಕೆ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಆದರೂ ಫ್ರಾನ್ಸಿಗೋ ಇಟಲಿಗೋ ಹೋದವರು ಬಿಟ್ಟುಹೋದ ಕಾರು, ಸತ್ತವರು ಬಿಟ್ಟುಹೋದ ಕಾರು, ಅಣ್ಣತಮ್ಮಂದಿರ ಜಗಳದಲ್ಲಿ ನಿಂತುಹೋದ ಕಾರು ಎಂದರೆ ಮಹ್ದಿಯಾದ ಜನ ಇಂದಿಗೂ ಇವರನ್ನೇ ಹುಡುಕಿಕೊಂಡು ಬರುತ್ತಾರೆ. ತಿಂಗಳಿಗೆ ಒಂದೆರಡು ಸಿಕ್ಕರೆ ಹೆಚ್ಚು. ಗಾಡಿ ಓಡಿದ ದಿನ ಎಲ್ಲರೂ ಮಾಲೀಕನ ಬೆನ್ನು ತಟ್ಟುತ್ತಾರೆ. ಇವರು ಚೀಲ ಹೆಗಲಿಗೇರಿಸಿ ಗೋಡೆಯ ನೆರಳು ಹಿಡಿದು ಮನೆ ಸೇರುತ್ತಾರೆ.

ಈ ಗಾಡಿಯ ಮಾತು ಬೇರೆ. ಕಾಕಾನ ಹೆಂಡತಿ ಮಬ್ರೂಕಾ ಸೊಂಟ ಮುರಿದುಕೊಂಡು ಮಲಗಿದ ಚಳಿಗಾಲದಲ್ಲಿ, ವಾರವಾರವೂ ಆಸ್ಪತ್ರೆಗೆ ಕರೆದೊಯ್ದದ್ದು ತುಹಾಮಿ, ಇದೇ ಗಾಡಿಯಲ್ಲಿ. ಮುಂದಿನ ಸೀಟಿಗೆ ದಿಂಬು ಜೋಡಿಸಿ, ಗುಂಡಿ ಬಂದಲ್ಲೆಲ್ಲ ಆಮೆಯ ಹಾಗೆ ಓಡಿಸುತ್ತಿದ್ದ. ಮಬ್ರೂಕಾ ಈಗ ಕೋಲೂರಿ ನಡೆಯುತ್ತಾಳೆ. "ಅವನ ಗಾಡಿ ಮುಟ್ಟೋಕೆ ಸಿಕ್ಕಿದ್ದೇ ನನ್ನ ಪುಣ್ಯ," ಎಂದು ಹೇಳುವಾಗ ಕಾಕಾನ ದನಿ ಒದ್ದೆಯಾಗುತ್ತದೆ. ಅದನ್ನು ಅವರು ಮುಚ್ಚಿಡುವುದೂ ಇಲ್ಲ.

ಮೊದಲ ಕೆಲಸ ಬ್ರೇಕಿನದು. ಎಂಜಿನ್ನಿನ ಕಡೆ ಕಣ್ಣೆತ್ತಿಯೂ ನೋಡದೆ ಚಕ್ರಗಳಿಗೆ ಕಲ್ಲು ಕೊಟ್ಟು, ಒಂದೊಂದನ್ನೇ ಬಿಚ್ಚಿ, ಕಚ್ಚಿಕೊಂಡ ಡ್ರಮ್ಮುಗಳನ್ನು ಬಿಡಿಸಿ, ಗಟ್ಟಿಯಾದ ರಬ್ಬರನ್ನೆಲ್ಲ ಬದಲಿಸುತ್ತಾರೆ. ಬಿರುಕು ಬಿಟ್ಟ ಟಯರು ಹೊರಗೆ, ಬೇರೆಯವು ಒಳಗೆ. ಬ್ಯಾಟರಿ ಹೊರಗೆ. ಟ್ಯಾಂಕಿನಲ್ಲಿದ್ದ ಪೆಟ್ರೋಲು ಕೊಳೆತು ಬಣ್ಣದಂಗಡಿಯ ವಾಸನೆ ಹೊಡೆಯುತ್ತಿದೆ, ಅದನ್ನೂ ಇಳಿಸಿ ದೂರ ಇಡುತ್ತಾರೆ. "ನಿಲ್ಲೋಕೆ ಬಾರದ ಗಾಡೀನ ಓಡಿಸಬಾರದು," ಎನ್ನುತ್ತಾರೆ. "ಮೊದಲು ನಿಲ್ಲೋದು ಕಲೀಲಿ. ಓಡೋದು ಅದಕ್ಕೆ ಮೊದಲೇ ಗೊತ್ತು."

ಎರಡನೆಯ ದಿನ ಸ್ಪಾರ್ಕ್ ಪ್ಲಗ್ಗು ಬಿಚ್ಚಿದಾಗ ಕಾಕಾನ ಹುಬ್ಬು ಮೇಲೇರುತ್ತದೆ. ಪ್ಲಗ್ಗಿನ ತುದಿಗೆ ಜೇನುಬಣ್ಣದ ಅಂಟು. ತುಕ್ಕಲ್ಲ, ಮಸಿಯಲ್ಲ. ಉಗುರಿನಿಂದ ಕೆರೆದು ಮೂಸುತ್ತಾರೆ. ಮತ್ತೊಮ್ಮೆ ಮೂಸುತ್ತಾರೆ. ಆಮೇಲೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತ ಲೆಲ್ಲಾ ಸಾಲ್ಹಾಳ ಕಡೆ ತಿರುಗುತ್ತಾರೆ.

"ಏನಮ್ಮ, ಎಂಜಿನ್ನಿಗೆ ಬೆಳಗಿನ ಬ್ಸೀಸಾ ಹಿಟ್ಟನ್ನೂ ಎಣ್ಣೇಲಿ ಕಲಸಿ ಕೊಡ್ತಿದ್ಯಾ?"

ಸಾಲ್ಹಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ. "ಬರೀ ಎಣ್ಣೆ, ಕಾಕಾ. ಪ್ರತಿ ವರ್ಷ ಗಾಣದಿಂದ ಬಂದ ಮೊದಲ ಎಣ್ಣೇಲಿ ಒಂದೊಂದು ಕಾಫಿ ಬಟ್ಟಲು. ಮೈದುನ ಬಲ್ಗಾಸಿಂ ಪ್ಲಗ್ಗು ಬಿಚ್ಚಿಕೊಡ್ತಿದ್ದ, ನಾನು ಬಿಸ್ಮಿಲ್ಲಾ ಅಂತ ಹುಯ್ತಿದ್ದೆ. ತುಕ್ಕು ಹಿಡೀದಿರಲಿ ಅಂತ. ಕಿವಿನೋವಿಗೆ ಅದೇ ಹಾಕ್ತೀವಿ, ಕೂಸಿನ ಹೊಟ್ಟೆಗೆ ಅದೇ ಹಚ್ತೀವಿ, ಬಾಗಿಲ ಕೀಲಿಗೂ ಅದೇ. ಗಾಡಿಗೆ ಮಾತ್ರ ಆಗ್ಬಾರದಾ?"

ನಮ್ಮ ಊರಿನಲ್ಲಲ್ಲದೆ ಈ ತಪ್ಪು ಬೇರೆಲ್ಲಿ ನಡೆದೀತು! ಆಲಿವ್ ಎಣ್ಣೆ ವರ್ಷಗಟ್ಟಲೆ ನಿಂತರೆ ಅರಗಿನಂತಾಗುತ್ತದೆ. ನಾಲ್ಕೂ ಪಿಸ್ಟನ್ನುಗಳು ಅಂಟಿಕೊಂಡು ಕೂತಿವೆ. ಎಂಜಿನ್ನನ್ನು ಕೈಯಿಂದ ತಿರುಗಿಸುವ ಮುಂದಿನ ಹ್ಯಾಂಡಲ್ಲು ಹಾಕಿ ಮೆಲ್ಲಗೆ ಒತ್ತಿದರೆ ಗಾಡಿಯೇ ಅಲುಗುತ್ತದೆ, ಎಂಜಿನ್ ಅಲುಗುವುದಿಲ್ಲ. ಸಾಲ್ಹಾಳ ಕಣ್ಣು ತುಂಬುತ್ತದೆ. "ನಾನೇ ಕೈಯಾರೆ ಕೊಂದೆನಾ ಕಾಕಾ?"

ಕಾಕಾ ಟಾರ್ಚು ಹಿಡಿದು ಪ್ಲಗ್ಗಿನ ತೂತಿನೊಳಗೆ ಬಹಳ ಹೊತ್ತು ಇಣುಕುತ್ತಾರೆ. "ಬಾ, ನೀನೂ ನೋಡು. ಗೋಡೆ ಹೇಗೆ ಹೊಳೀತಿದೆ! ಈ ಉಪ್ಪುಗಾಳೀಲಿ ಬೇರೆಯವರ ಎಂಜಿನ್ನು ಹುಡಿಹುಡಿ ಆಗಿರೋದು. ನಿನ್ನ ಎಣ್ಣೆ ಕಟ್ಟಿಹಾಕಿದೆ, ಕೊಂದಿಲ್ಲ. ಕಟ್ಟಿದ್ದನ್ನ ಬಿಚ್ಚಬಹುದು. ಹರಿದುಹೋದ್ರೆ ಮಾತ್ರ ಕಷ್ಟ."

ಹರಿಯುವುದಕ್ಕೆಂದೇ ಮಧ್ಯಾಹ್ನ ಬಲ್ಗಾಸಿಂ ಬರುತ್ತಾನೆ, ಟ್ರ್ಯಾಕ್ಟರು ಮತ್ತು ಹಗ್ಗದ ಜೊತೆ. ಒಳ್ಳೆಯ ಮನುಷ್ಯ, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು.

"ಇನ್ನೂ ಅಪ್ಪಿಕೊಂಡು ಕೂತಿದೀಯಲ್ಲ ಕಾಕಾ, ಇದು ಗಾಡೀನಾ, ನಿನ್ನ ಮೊಮ್ಮಗೂನಾ? ಗೇರಿಗೆ ಹಾಕಿ ಓಣಿ ತುದೀವರೆಗೆ ಎಳೆದ್ರೆ ತಾನಾಗೇ ಬಾಯಿ ಬಿಡತ್ತೆ."

"ಬಾಯಿ ಬಿಡತ್ತೆ ನಿಜ. ಆಮೇಲೆ ಮುಚ್ಚಲ್ಲ. ಒಳಗಿನ ಪಿಸ್ಟನ್ ಕಡ್ಡಿ ಬಗ್ಗಿದ್ರೆ ನಿಮ್ಮಣ್ಣನ ಗಾಡಿ ಕೋಳಿಗೂಡಿಗೇ ಲಾಯಕ್ಕು."

"ಗುರುವಾರ ಯಾರಿಗೂ ಕಾಯಲ್ಲ. ನನ್ನ ಲಾರಿ ತೊಳೆದು ನಿಲ್ಸಿದೀನಿ. ಇವತ್ತು ಓಡ್ಲಿಲ್ಲ ಅಂದ್ರೆ ಬಳುವಳಿ ಅದರಲ್ಲೇ ಹೋಗತ್ತೆ." ಹೇಳುತ್ತಲೇ ಹಗ್ಗದ ಕೊಕ್ಕೆಯನ್ನು ಬಂಪರಿಗೆ ಸಿಕ್ಕಿಸುತ್ತಾನೆ.

ಶಾದ್ಲಿ ಕಾಕಾ ಬಂಪರಿನ ಮೇಲೆ ಕೂತೇ ಬಿಡುತ್ತಾರೆ. "ಕಟ್ಟು. ನನ್ನನ್ನೂ ಸೇರಿಸಿ ಕಟ್ಟು. ಮದುವೆ ದಿಬ್ಬಣಕ್ಕೆ ಮೊದಲು ಮುದುಕನ ದಿಬ್ಬಣ ಆಗ್ಲಿ."

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಮದುವೆಯ ಕೆಲಸಕ್ಕೆಂದು ಅಂಗಳದಲ್ಲಿ ಸೇರಿದ ಹೆಂಗಸರೆಲ್ಲ ಸಾಲ್ಹಾಳ ಮುಖ ನೋಡುತ್ತಾರೆ. ಸಾಲ್ಹಾ ಮುಂದೆ ಬಂದು ಕೊಕ್ಕೆ ಬಿಡಿಸಿ ಹಗ್ಗವನ್ನು ಮೈದುನನ ಕೈಗೆ ಕೊಡುತ್ತಾಳೆ. "ಬುಧವಾರ ಸಂಜೆವರೆಗೆ ಬಿಡು ಬಲ್ಗಾಸಿಂ. ಆಗದಿದ್ರೆ ನಿನ್ನ ಲಾರಿಗೆ ನಾನೇ ಹೂ ಕಟ್ತೀನಿ."

ಕಾಕಾ ಸೀಮೆಎಣ್ಣೆಗೆ ತೆಳು ಎಂಜಿನ್ ಎಣ್ಣೆ ಬೆರೆಸಿ ನಾಲ್ಕೂ ತೂತಿಗೆ ಇಳಿಸುತ್ತಾರೆ. ಒಂದು ಹಗಲು ನೆನೆದರೂ ಅಂಟು ಜಪ್ಪಯ್ಯ ಎಂದರೂ ಬಿಡುವುದಿಲ್ಲ. ಕಾಯುತ್ತ ಕೂತವರ ಕಣ್ಣು ಅಂಗಳದ ಮೂಲೆಗೆ ಹೋಗುತ್ತದೆ. ಅಲ್ಲಿ ಮದುವೆಯ ಕುಸ್ಕುಸ್ ಅಡುಗೆಗೆಂದು ಬೀದಿಯ ಮನೆಮನೆಯಿಂದ ತಂದ ತಾಮ್ರದ ಹಂಡೆಗಳು ಸಾಲಾಗಿ ಕೂತಿವೆ.

"ಲೆಲ್ಲಾ, ಎಣ್ಣೆ ಜಿಡ್ಡಿನ ಪಾತ್ರೇನ ತಣ್ಣೀರಲ್ಲಿ ತೊಳೀತೀಯಾ?"

ಸಾಲ್ಹಾಗೆ ಮತ್ತೆ ಹೇಳಬೇಕಾಗುವುದಿಲ್ಲ. ಅಂಗಳದ ಆಚೆ ತುದಿಯಲ್ಲಿ, ಸೀಮೆಎಣ್ಣೆಯಿಂದ ದೂರ, ಒಲೆ ಹೊತ್ತಿಕೊಳ್ಳುತ್ತದೆ. ಹಂಡೆ ಹಂಡೆ ನೀರು ಕಾಯುತ್ತದೆ. ಕಾಕಾ ಎಂಜಿನ್ನಿನ ನೀರಿನ ಕೊಳವೆ ಬಿಚ್ಚಿ ಮೊದಲು ಉಗುರುಬೆಚ್ಚಗೆ, ಆಮೇಲೆ ಬಿಸಿ, ಆಮೇಲೆ ಇನ್ನಷ್ಟು ಬಿಸಿ ನೀರು ಹಾಕಿಸುತ್ತಾರೆ. ಅವಸರಿಸಿದ ಹುಡುಗಿಯೊಬ್ಬಳಿಗೆ ಗದರುತ್ತಾರೆ: "ತಣ್ಣನೆ ಗ್ಲಾಸಿಗೆ ಕುದಿಯೋ ಚಹಾ ಹುಯ್ತೀಯೇನೇ? ಚಿಟ್ ಅನ್ನತ್ತೆ!" ತಣ್ಣಗಾದ ನೀರು ಹೊರಗೆ, ಬಿಸಿನೀರು ಒಳಗೆ. ಬಿಂದಿಗೆ ಕೈಯಿಂದ ಕೈಗೆ ಸಾಗುತ್ತದೆ. ಮದುಮಗಳು ಯುಸ್ರಾ ಕೂಡ ಗೋರಂಟಿ ಹಚ್ಚಬೇಕಾದ ಕೈಯಲ್ಲಿ ಬಿಂದಿಗೆ ಹಿಡಿದಿದ್ದಾಳೆ. ಇಡೀ ಬೀದಿಯ ಹೆಂಗಸರು ಒಂದು ಎಂಜಿನ್ನಿಗೆ ಬಾಣಂತಿಯ ನೀರು ಎರೆಯುತ್ತಿರುವಂತಿದೆ.

ಬುಧವಾರ ಬಿಸಿಲಿಳಿಯುವ ಅಸರ್ ನಮಾಜಿನ ಹೊತ್ತಿಗೆ ಕಾಕಾ ಹ್ಯಾಂಡಲ್ಲಿಗೆ ಕೈ ಹಾಕುತ್ತಾರೆ. ತಳ್ಳುವುದಿಲ್ಲ, ಮೈಯ ಭಾರವನ್ನಷ್ಟೇ ಕೊಟ್ಟು ನಿಲ್ಲುತ್ತಾರೆ. ಸ್ವಲ್ಪ ಆಚೆ, ಸ್ವಲ್ಪ ಈಚೆ. ಬೆವರು ಗಡ್ಡದಿಂದ ತೊಟ್ಟಿಕ್ಕುತ್ತದೆ. ಒಳಗೆಲ್ಲೋ ಹಳೆಯ ಪೆಟ್ಟಿಗೆಯ ಮುಚ್ಚಳ ಬಿಟ್ಟುಕೊಂಡಂಥ ಸದ್ದು. ಹ್ಯಾಂಡಲ್ಲು ಅರ್ಧ ಸುತ್ತು ಬರುತ್ತದೆ, ಮುಕ್ಕಾಲು ಬರುತ್ತದೆ, ಪೂರ್ತಿ ಬರುತ್ತದೆ. ತೂತುಗಳಿಂದ ಕಂದು ರಸ ಚಿಮ್ಮಿ ಕಾಕಾನ ಅಂಗಿ ಹಾಳಾಗುತ್ತದೆ. "ಅಲ್‌ಹಮ್ದುಲಿಲ್ಲಾ," ಎನ್ನುತ್ತಾರೆ ಕಾಕಾ, ನೆಲದಲ್ಲಿ ಕೂತುಬಿಟ್ಟು.

ಅಷ್ಟಾದ ಮೇಲೂ ಬೀಗದ ಕೈ ಜೇಬಿನಿಂದ ಹೊರಬರುವುದಿಲ್ಲ. ತಳದ ಎಣ್ಣೆಯನ್ನೆಲ್ಲ ಬಸಿದು ಹೊಸದು ತುಂಬುತ್ತಾರೆ. ಪ್ಲಗ್ಗಿಲ್ಲದೆಯೇ ಹ್ಯಾಂಡಲ್ಲು ತಿರುಗಿಸಿ ಆ ಎಣ್ಣೆಯನ್ನು ಮೂಲೆಮೂಲೆಗೂ ಉಣಿಸುತ್ತಾರೆ. ಒಳಗೆ ಹೊಗೆ ತುಂಬಬಾರದೆಂದು ಗಾಡಿಯನ್ನು ತೆರೆದ ಅಂಗಳಕ್ಕೆ ತಳ್ಳಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಪಕ್ಕದಲ್ಲಿ ಮರಳಿನ ಬಕೆಟ್ ಇಡುತ್ತಾರೆ. ಕೊಳವೆಯೂ ಪ್ಲಗ್ಗುಗಳೂ ಮತ್ತೆ ತಮ್ಮ ಜಾಗಕ್ಕೆ, ಹೊಸ ಬ್ಯಾಟರಿ, ಚಿಕ್ಕ ಡಬ್ಬಿಯಲ್ಲಿ ಹೊಸ ಪೆಟ್ರೋಲು. ಆಮೇಲೆ ಜೇಬಿನ ಗುಂಡಿ ಬಿಚ್ಚಿಕೊಳ್ಳುತ್ತದೆ. ಗಾಡಿ ಒಮ್ಮೆ ಕೆಮ್ಮುತ್ತದೆ, ಎರಡನೆಯ ಸಲ ಸೀನುತ್ತದೆ, ಮೂರನೆಯ ಸಲ ಹಿಡಿದುಕೊಳ್ಳುತ್ತದೆ. ಬೀದಿಯೆಲ್ಲ ನೀಲಿ ಹೊಗೆ, ಆ ಹೊಗೆಗೆ ಆಲಿವ್ ಎಣ್ಣೆಯಲ್ಲಿ ಕರಿದ ತಿಂಡಿಯ ಪರಿಮಳ. ಹೆಂಗಸರು ನಾಲಗೆ ಹೊರಳಿಸಿ ಮದುವೆಯ ಹರ್ಷದ ಕೂಗು ಹಾಕುತ್ತಾರೆ. ಸಾಲ್ಹಾ ಮಾತ್ರ ಬಾಗಿಲ ಕಂಬ ಹಿಡಿದು ಸದ್ದಿಲ್ಲದೆ ಅಳುತ್ತಾಳೆ, ನಗುತ್ತಾಳೆ.

ಗುರುವಾರ ಬಳುವಳಿ ಹೊರಡುತ್ತದೆ. ಹಾಸಿಗೆ, ಪೆಟ್ಟಿಗೆ, ತಾಮ್ರದ ಪಾತ್ರೆ, ಕಂಬಳಿ, ಗೋಪುರದಂತೆ ಹೇರಿಕೊಂಡು. ಕಾಕಾ ಬೀಗದ ಕೈಯನ್ನು ಬಲ್ಗಾಸಿಂನ ಅಂಗೈಗೆ ಹಾಕಿ, "ನೀನೇ ಓಡಿಸು. ಹಗ್ಗ ಬೇಡ ತಾನೆ?" ಎನ್ನುತ್ತಾರೆ. ಬಲ್ಗಾಸಿಂ ಅವರ ಹಣೆಗೆ ಮುತ್ತಿಡುತ್ತಾನೆ. ಮುಂದಿನ ಸೀಟಿಗೆ ಸಾಲ್ಹಾ ದಿಂಬು ಜೋಡಿಸಿ ಮಬ್ರೂಕಾಳನ್ನು ಕೂರಿಸುತ್ತಾಳೆ. "ನಿನ್ನ ಜಾಗ ಖಾಲಿ ಇತ್ತಕ್ಕಾ, ಹತ್ತು," ಎನ್ನುತ್ತಾಳೆ.

ಗಂಡಿನ ಮನೆ ಕೋಟೆಯ ಕೆಳಗಿನ ದಿಣ್ಣೆಯಲ್ಲಿ. ದಿಣ್ಣೆಯ ನಡುವೆ ಡೋಲಿನವರು ವಾಡಿಕೆಯಂತೆ ಗಕ್ಕನೆ ನಿಂತು ಕುಣಿತ ಶುರುಮಾಡುತ್ತಾರೆ. ಹಿಂದೆ ಬರುತ್ತಿದ್ದ ಗಾಡಿಯೂ ನಿಲ್ಲಬೇಕು, ಇಡೀ ಬಳುವಳಿ ಹೊತ್ತು, ಹಿಂದೆ ಮಕ್ಕಳು ಮುದುಕರ ಸಂದಣಿ ಇರುವಾಗ. ಊರೆಲ್ಲ ಕುಣಿತ ನೋಡುತ್ತಿದೆ. ಶಾದ್ಲಿ ಕಾಕಾ ಹಿಂದಿನ ಚಕ್ರದ ಪಕ್ಕ ಕಲ್ಲೊಂದನ್ನು ಕೈಯಲ್ಲಿ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಚಕ್ರ ಒಂದು ಬೆರಳಿನಷ್ಟೂ ಜಾರುವುದಿಲ್ಲ. ಅವರು ಕಲ್ಲನ್ನು ಮೆಲ್ಲಗೆ ರಸ್ತೆಯ ಬದಿಗೆ ಇಡುತ್ತಾರೆ.

ಸಂಜೆ ಸಾಲ್ಹಾ ಒಂದು ಡಬ್ಬಿ ಎಣ್ಣೆಯೊಂದಿಗೆ ಕಾಕಾನ ಮನೆಗೆ ಬರುತ್ತಾಳೆ. "ನಮ್ಮವರ ಮಾತು ನೀನು ಉಳಿಸಿಕೊಟ್ಟೆ ಕಾಕಾ. ಈ ಋಣ ನಾನು ಯಾವತ್ತು ತೀರಿಸಲಿ?"

"ಋಣ ನಂದಮ್ಮ, ತುಹಾಮಿಗೆ ನಾನು ತೀರಿಸಬೇಕಾದ್ದು. ಇನ್ನೂ ತೀರಿಲ್ಲ. ನೀನು ಒಂದು ಮಾಡು, ವಾರಕ್ಕೊಮ್ಮೆ ಯಾರ ಕೈಲಾದ್ರೂ ಸಮುದ್ರದವರೆಗೆ ಓಡಿಸಿ ತರ್ಸು. ಮತ್ತೆ ಹೊದಿಕೆ ಹೊದಿಸಬೇಡ. ಎಣ್ಣೆ ಬ್ರೆಡ್ಡಿಗೆ ಹಾಕು."

ಅವಳು ನಗುತ್ತ ಹೋದ ಮೇಲೆ, ಎಂಜಿನ್ ಹಿಡಿದುಕೊಂಡ ಗಳಿಗೆಯಲ್ಲಿ ಹೇಗನ್ನಿಸಿತೆಂದು ಕೇಳಿದರೆ ಕಾಕಾ ತಲೆಯಾಡಿಸುತ್ತಾರೆ.

"ಓಡಿದ್ದನ್ನ ಊರೆಲ್ಲ ನೋಡ್ತು ಬಿಡಿ," ಎನ್ನುತ್ತಾರೆ, ಬ್ರೆಡ್ಡಿನ ಚೂರನ್ನು ಹೊಸ ಎಣ್ಣೆಯಲ್ಲಿ ಅದ್ದುತ್ತ. "ದಿಣ್ಣೇಲಿ ನಿಂತಿದ್ದನ್ನ ನಾನೊಬ್ಬ ನೋಡ್ದೆ. ನಂಗದು ಸಾಕು."