ಟಾಕಿಯ ನೀರು ಎಲ್ಲಿ ಹೋಗುತ್ತಿತ್ತು

ಬೆಟಗೇರಿಯ ನಮ್ಮ ಓಣಿಗೆ ನಳದ ನೀರು ಬರುವುದು ವಾರಕ್ಕೊಮ್ಮೆ, ಕೆಲವು ಸಲ ಹತ್ತು ದಿನಕ್ಕೊಮ್ಮೆ. ಬಂದ ದಿನ ನೆಲದೊಳಗಿನ ತೊಟ್ಟಿ ತುಂಬಿಸಿಕೊಂಡು, ಬೇಕಾದಾಗ ಮೋಟಾರು ಹಚ್ಚಿ ಮಾಳಿಗೆಯ ಟಾಕಿಗೆ ಏರಿಸುತ್ತೇವೆ. ಒಂದು ಟಾಕಿ ನೀರು ಕೆಳಗೆ ನಮಗೂ ಮೇಲೆ ಬಾಡಿಗೆಗಿದ್ದವರಿಗೂ ಎರಡು ದಿನ ಸಾಕಾಗುತ್ತಿತ್ತು. ಹೋದ ಬೇಸಿಗೆಯಲ್ಲಿ ಅದು ಒಂದೇ ದಿನಕ್ಕೆ ಬರಿದಾಗತೊಡಗಿತು.

ನಾನು ಮುಂದಿನ ಕೋಣೆಯಲ್ಲಿ ಕುಪ್ಪಸ ಹೊಲಿಯುತ್ತೇನೆ. ಆ ದಿನಗಳಲ್ಲಿ ನಾಲ್ಕು ಹೊಲಿಗೆ ಹಾಕುವುದರೊಳಗೆ ಎದ್ದು ಮಾಳಿಗೆ ಹತ್ತುತ್ತಿದ್ದೆ. ಟಾಕಿಯ ಮುಚ್ಚಳ ತೆಗೆದು ಬಗ್ಗಿ ನೋಡಿ, ಇಳಿದು ಬಂದು, ಮತ್ತೆ ಹತ್ತುತ್ತಿದ್ದೆ. ಗಿರಾಕಿಯೊಬ್ಬರ ಕುಪ್ಪಸಕ್ಕೆ ತೋಳು ತಿರುವುಮುರುವಾಗಿ ಹಚ್ಚಿಬಿಟ್ಟೆ. ಪೈಪುಗಳ ಜೋಡಣೆಯನ್ನೆಲ್ಲ ಕೈಯಾಡಿಸಿ ನೋಡಿದರೂ ಎಲ್ಲಿಯೂ ತೇವವಿರಲಿಲ್ಲ. ಕೊನೆಗೆ ನನ್ನ ಕಣ್ಣು ಬಿದ್ದದ್ದು ಮೇಲಿನ ಮನೆಯ ಬಟ್ಟೆ ಒಣಹಾಕುವ ಹಗ್ಗದ ಮೇಲೆ.

ಮೇಲಿದ್ದವಳು ಶಿರಹಟ್ಟಿ ಕಡೆಯ ಹುಡುಗಿ, ನಾಲ್ಕು ತಿಂಗಳ ಕೂಸಿನ ತಾಯಿ.

"ದಿನಕ್ಕ ಎಷ್ಟ್ ಸಲ ಅರಬಿ ಒಗೀತಿಯವ್ವಾ?" ಎಂದು ಕೇಳಿದೆ.

"ಎರಡ್ ಸಲರಿ ಅಕ್ಕಾರ. ಕೂಸು ತೋಯಿಸ್ಕೋತೈತಿ."

"ಹಿಂಗಾದ್ರ ಹೆಂಗ? ಟಾಕಿ ಒಂದ ದಿನಕ್ಕ ಖಾಲಿ ಆಗಾಕತ್ತೈತಿ."

ಅವಳು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಮರುದಿನ ಕೂಸನ್ನು ಹೆಗಲಿಗೆ ಹಾಕಿಕೊಂಡು, ಬಟ್ಟೆಯ ಗಂಟು ಹಿಡಿದು, ಎರಡು ಓಣಿ ಆಚೆಗಿನ ಅಕ್ಕನ ಮನೆಗೆ ಒಗೆಯಲು ಹೋದಳು. ಬಿಸಿಲಲ್ಲಿ ಅವಳು ಹೋಗುವುದನ್ನು ಕಿಟಕಿಯಿಂದ ನೋಡಿದೆ. ಕರೆಯಬೇಕೆನಿಸಿತು, ಕರೆಯಲಿಲ್ಲ. ಆ ದಿನವೂ ಟಾಕಿ ಸಂಜೆಗೆ ಬರಿದಾಯಿತು.

ಆಗ ನಳದ ಕೆಲಸದವರನ್ನು ಕರೆಸಿದೆ. ಮುಂಡರಗಿ ಕಡೆಯ ಹಿರಿಯರು, ಮನೆ ಕಟ್ಟಿಸುವಾಗ ನಳ ಜೋಡಿಸಿದ್ದವರು ಅವರೇ. ಅವರು ಚೀಲ ಬಿಚ್ಚಲೇ ಇಲ್ಲ.

"ಬಟ್ಟಿಗೆ ಹಾಕೋ ನೀಲಿ ಇದ್ರ ಕೊಡ್ರಿ," ಎಂದರು.

ನಮ್ಮ ಕೆಳಗಿನ ಶೌಚಾಲಯದ ಫ್ಲಶ್ ಡಬ್ಬಿಯ ಮುಚ್ಚಳ ತೆಗೆದು, ಒಳಗಿನ ನೀರಿಗೆ ನಾಲ್ಕು ಹನಿ ನೀಲಿ ಬಿಟ್ಟರು. "ಅರ್ಧಾ ತಾಸು ಯಾರೂ ಇದನ್ನ ಒತ್ತಬ್ಯಾಡ್ರಿ."

"ಮ್ಯಾಲಿಂದು ನೋಡೂದಿಲ್ಲೇನ್ರಿ?"

"ಮ್ಯಾಲ ಈ ಡಬ್ಬಿನ ಇಲ್ಲಲ್ರಿ. ಅವರು ತಂಬಿಗಿಲೇ ನೀರು ಹಾಕ್ತಾರ."

ಹೌದು, ಬಾಡಿಗೆಯವರಿಗೆ ಅದೇಕೆ ಎಂದು ಕಟ್ಟಿಸುವಾಗ ಬಿಟ್ಟಿದ್ದವಳು ನಾನೇ. ಅರ್ಧ ತಾಸು ಕೂರಲಾಗಲಿಲ್ಲ. ಮೂರು ಸಲ ಬಾಗಿಲು ತೆರೆದು ನೋಡಿದೆ. ಮೂರನೆಯ ಸಲ, ಯಾರೂ ಒತ್ತದಿದ್ದರೂ, ಬಿಳಿ ಪಿಂಗಾಣಿಯ ಮೇಲೆ ನೀಲಿಯ ಸಣ್ಣ ಗೆರೆ ಇಳಿಯುತ್ತಿತ್ತು.

"ಒಳಗಿನ ರಬ್ಬರ್ ಬಿಲ್ಲಿ ಸವದೈತ್ರಿ," ಎಂದರು ಅವರು. "ಸಪ್ಪಳ ಇಲ್ದ ಸೋರಿ ಹೋಗ್ತೈತಿ. ಗೊತ್ತ ಆಗೂದಿಲ್ಲ." ಹೊಸ ಬಿಲ್ಲೆ ಕೂಡಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಅವರು ಹೋದ ಮೇಲೆ ಮೆಟ್ಟಿಲು ಹತ್ತಿದೆ. "ಸೋರತಿದ್ದದ್ದು ನಮ್ಮ ಮನಿಯಾಗ. ತಪ್ಪು ನಂದವಾ. ನಾಳಿಂದ ಇಲ್ಲೇ ಒಗಿ," ಎಂದೆ.

"ಆತ್ರಿ ಅಕ್ಕಾರ," ಎಂದಳು, ಕೂಸಿನ ಮುಖ ನೋಡುತ್ತ.

ಒಗೆಯತೊಡಗಿದಳು ನಿಜ. ಆದರೆ ಪ್ರತಿಸಲ ಮೆಟ್ಟಿಲ ಮೇಲೆ ನಿಂತು, "ಅಕ್ಕಾರ, ನಳಾ ತಿರುವ್ಲೇನ್ರಿ?" ಎಂದು ಕೇಳುತ್ತಿದ್ದಳು. ಕೇಳಬೇಡ ಎಂದರೂ ಮತ್ತೆ ಕೇಳುತ್ತಿದ್ದಳು. ಆ ದನಿಯಲ್ಲಿ ಕೊಂಕಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಕಸಿವಿಸಿ.

ಒಂದು ಮುಂಜಾನೆ ಹೊಲಿಗೆ ಬಿಟ್ಟು ಮೇಲೆ ಹೋಗಿ, ಅವಳ ಬಕೆಟ್ಟಿನ ಪಕ್ಕ ಕುಳಿತು ಕೂಸಿನ ಬಟ್ಟೆ ತಿಕ್ಕತೊಡಗಿದೆ. "ಬಿಡ್ರಿ, ನಾ ಒಗೀತೇನಿ," ಎಂದು ಎಳೆದಳು. ನಾನು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ನಳ ತಿರುವಿ, ಬಟ್ಟೆಗಳನ್ನು ಒಂದೊಂದಾಗಿ ಜಾಲಾಡಿ ಹಿಂಡತೊಡಗಿದಳು.

ಮರುದಿನ ಅವಳು ಕೇಳಲು ಬರಲಿಲ್ಲ; ಮೇಲೆ ಬಕೆಟ್ಟಿಗೆ ನಳದ ನೀರು ಬೀಳುವ ಸದ್ದಷ್ಟೇ ಕೇಳಿಸಿತು.