ಯಮಗಂಡದಲ್ಲಿ ಫುಟ್‌ಬಾಲ್

ಅಮೆರಿಕದ ಕಾಲೇಜ್ ಫುಟ್‌ಬಾಲ್ ತಂಡಕ್ಕೆ ನಾನು ಕೋಚ್ ಆಗಿದ್ದೆ. ಸುಳ್ಳು, ಆ ಬಾಲನ್ನು ಮುಟ್ಟಿಯೂ ಇಲ್ಲ.

ಕೆಂಡಲ್ ಪಾರ್ಕಿನಿಂದ ನ್ಯೂಯಾರ್ಕಿಗೆ ನಾನು ಕೆಲಸಕ್ಕೆ ಹೋಗುವ ಬಸ್ಸಲ್ಲಿ ಮೈಕ್ ಮತ್ತು ಟಾಮ್ ದಿನಾ ಒಂದೇ ಸೀಟಲ್ಲಿ ಕೂತು, ಈ ಸಲ ಚಾಂಪಿಯನ್ ಯಾರೆಂದು ಕಚ್ಚಾಡುವ ಗೆಳೆಯರು. ಶನಿವಾರ ಟಾಮ್‌ನ ಕಾಲೇಜು ಮೈಕ್‌ನ ಕಾಲೇಜನ್ನು ಸೋಲಿಸಿತು. ಸೋಮವಾರ ಮೈಕ್ ಮುಖ ಊದಿಸಿಕೊಂಡು ನನ್ನ ಪಕ್ಕ ಬಂದು ಕೂತ. ಹಿಂದಿನ ಸೀಟಲ್ಲಿ ಟಾಮ್ ಒಬ್ಬನೇ. ನೋಡೋಕಾಗಲಿಲ್ಲ.

"ನಿಮ್ಮ ಹುಡುಗರ ತಪ್ಪಲ್ಲ ಮಾರಾಯ. ಸೆಕೆಂಡ್ ಹಾಫ್ ಶುರುವಾಗಿದ್ದು ಯಮಗಂಡಕಾಲದಲ್ಲಿ. ಆ ಹೊತ್ತಲ್ಲಿ ನಮ್ಮ ಕಡೆ ಯಾರೂ ಒಳ್ಳೆ ಕೆಲಸ ಶುರು ಮಾಡಲ್ಲ" ಅಂದೆ ಮೈಕ್‌ಗೆ.

ಟಾಮ್ ಹಿಂದಿನಿಂದ ತಲೆ ತೂರಿಸಿದ. "ಅದೇ ಹೊತ್ತಲ್ಲಿ ನಾವೂ ಆಡಿದ್ವಲ್ಲ!"

ಸಿಕ್ಕಿಬಿದ್ದೆ. "ನಿಮ್ಮವರು ಮೈದಾನಕ್ಕೆ ಬಲಗಾಲಿಟ್ಟು ಇಳಿದಿದ್ರು."

"ಖಂಡಿತ ಇಲ್ಲ, ಎಡಗಾಲು!" ಎಂದು ಮೈಕ್ ಆಟದ ವಿಡಿಯೋ ತೋರಿಸಲು ಫೋನ್ ತೆಗೆದ.

ನಾನು ಎದ್ದು ಟಾಮ್‌ಗೆ ಜಾಗ ಬಿಟ್ಟು ಅವನ ಸೀಟಿಗೆ ಹೋಗುವಷ್ಟರಲ್ಲಿ ಅಲ್ಲಿ ಬೇರೆ ಯಾರೋ ಇಬ್ಬರು ಕೂತಿದ್ದರು. ಮೈಕ್, ಟಾಮ್ ತಲೆಗೆ ತಲೆ ತಾಗಿಸಿಕೊಂಡು, ವಿಡಿಯೋ ನಿಲ್ಲಿಸಿ ನಿಲ್ಲಿಸಿ ಆಟಗಾರರ ಕಾಲು ನೋಡುತ್ತಾ ಜಗಳವಾಡಿದರು. ನಾನು ನ್ಯೂಯಾರ್ಕಿನವರೆಗೂ ನಿಂತೇ ಹೋದೆ. ಮುನಿದ ಗೆಳೆಯರನ್ನು ಒಂದೇ ಸೀಟಿಗೆ ಸೇರಿಸಿ ಇಷ್ಟು ಪುಣ್ಯ ಕಟ್ಟಿಕೊಂಡವನ ಇವತ್ತಿನ ಟೀ ದುಡ್ಡು ನೀವೇ ಕೊಡಬೇಕಪ್ಪ.